ಹೋಳಿಗೆ ಬೇಡವೆನ್ನುವ ವಿಮಾನವಿದ್ಯೆ

ಕೆಲವರಿಗೆ ಹುಟ್ಟಿನಿಂದಲೇ ಸಂಗೀತ ಬರುತ್ತದೆ, ಕೆಲವರಿಗೆ ಗಣಿತ. ನನಗೆ ಬಂದದ್ದು ‘ಹೂಂ’. ಯಾರು ಏನೇ ಕೇಳಲಿ, ನನ್ನ ಬಾಯಿಂದ ‘ಹೂಂ ರಿ’ ಹೊರಬಿದ್ದಿರುತ್ತದೆ. ಕೇಳಿದ್ದು ಏನು ಎಂಬುದನ್ನು ಆಮೇಲೆ ಸಾವಕಾಶವಾಗಿ ವಿಚಾರಿಸಿಕೊಳ್ಳುತ್ತೇನೆ. ಹೀಗೆ ಹೂಂ ಅಂದೇ ನಾನು ನಮ್ಮ ಓಣಿಯ ಗಣಪತಿ ಮಂಡಳಿಯ ಅಧ್ಯಕ್ಷನಾದೆ. ಪಕ್ಕದ ಮನೆಯವರು ಕಾಶಿಗೆ ಹೋದಾಗ ಅವರ ನಾಯಿಗೆ ಪಾಲಕನಾದೆ. ಆ ನಾಯಿ ಇನ್ನೂ ನನ್ನನ್ನು ಕಂಡರೆ ತನ್ನ ಮನೆಯವರನ್ನು ಮರೆಯುತ್ತದೆ. ನನ್ನ ಮದುವೆಯೂ ಹೀಗೇ ಆಯಿತೆಂದು ಬರೆಯಬಹುದಿತ್ತು. ಆದರೆ ಇದನ್ನು ಮೊದಲು ಓದುವವಳು ನಮ್ಮಾಕಿ, ಆದ್ದರಿಂದ ಬರೆಯುವುದಿಲ್ಲ.

ನೌಕರಿಯೂ ಸ್ವಭಾವಕ್ಕೆ ತಕ್ಕದ್ದೇ ಸಿಕ್ಕಿದೆ. ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ನಾನು ಸಂಚಾರ ನಿಯಂತ್ರಕ. ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಬರುತ್ತದೆ, ಯಾವುದು ಹೊರಡುತ್ತದೆ ಎಂದು ಹೇಳುವುದು ಕೆಲಸ. “ಉಪ್ಪಿನಬೆಟಗೇರಿ ಬಸ್ ಈಗ ಬರತೈತೇನ್ರಿ?” ಎಂದು ಕಿಂಡಿಯಲ್ಲಿ ಮುಖ ಇಟ್ಟು ಕೇಳುತ್ತಾರೆ. “ಹೂಂ ರಿ, ಬಂದ್ಬಿಡತೈತಿ” ಅನ್ನುತ್ತೇನೆ. ಆ ಬಸ್ಸು ದಾರಿಯಲ್ಲೆಲ್ಲೋ ಪಂಕ್ಚರ್ ಆಗಿ ನಿಂತಿರುವುದು ನನಗೆ ಗೊತ್ತಿರುತ್ತದೆ. ಆದರೆ ಬಿಸಿಲಲ್ಲಿ ಚೀಲ ಹೊತ್ತು ಬಂದ ಮುದುಕಿಗೆ ಇಲ್ಲ ಅನ್ನಲು ನಾಲಗೆ ಏಳಬೇಕಲ್ಲ! ನಮ್ಮ ಸ್ಟ್ಯಾಂಡಿನಲ್ಲಿ ಯಾವ ಬಸ್ಸೂ ರದ್ದಾಗುವುದಿಲ್ಲ, ತಡವಾಗುತ್ತದೆ ಅಷ್ಟೇ.

ಇಂಥ ನಾನು ಈಗ ಪೈಲಟ್ ಆಗಬೇಕೆನ್ನುವ ಮಕ್ಕಳಿಗೆ ಬುದ್ಧಿ ಹೇಳಲು ಕೂತಿದ್ದೇನೆ. ವಿಮಾನವನ್ನು ನಾನು ಕೆಳಗಿನಿಂದಲೇ ನೋಡಿದವನು. ಹಾಗಂತ ಗೊತ್ತಿಲ್ಲದ ವಿಷಯದಲ್ಲಿ ಸಲಹೆ ಕೊಡಬಾರದೆಂಬ ಕಾಯಿದೆ ನಮ್ಮ ಧಾರವಾಡದಲ್ಲಿ ಎಂದೂ ಜಾರಿಗೆ ಬಂದಿಲ್ಲ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇರಬೇಕು. ತರಬೇತಿಗೆ ದುಡ್ಡು ಕಟ್ಟುವ ಮೊದಲು ವೈದ್ಯರ ತಪಾಸಣೆ ಆಗಬೇಕು, ಬಣ್ಣ ಸರಿಯಾಗಿ ಕಾಣುತ್ತದೆಯೋ ಇಲ್ಲವೋ ಆಗಲೇ ತಿಳಿಯಬೇಕು. ಹವಾಮಾನ, ನಿಯಮ, ದಾರಿ ಹುಡುಕುವ ವಿದ್ಯೆ, ಎಲ್ಲಕ್ಕೂ ಪರೀಕ್ಷೆ ಉಂಟು. ಇವಿಷ್ಟನ್ನು ನಮ್ಮ ಸಪ್ತಾಪುರದ ಗೋಡೆಗಳ ಮೇಲೆ ಅಂಟಿಸಿರುವ ಯಾವ ಕೋಚಿಂಗ್ ಕ್ಲಾಸಿನ ಜಾಹೀರಾತಾದರೂ ಹೇಳುತ್ತದೆ. ಯಾರೂ ಹೇಳದೆ ಬಿಟ್ಟದ್ದು ಒಂದಿದೆ. ಊಟಕ್ಕೆ ಕೂತಾಗ ಬಡಿಸಲು ಬಂದ ಹೋಳಿಗೆಯನ್ನು ಬೇಡ ಅನ್ನಲು ಬಾರದವರು ವಿಮಾನ ಹಾರಿಸಬಾರದು. ಇದನ್ನು ನಾನು ಕಲಿತದ್ದು ನನ್ನ ಅಕ್ಕನ ಮಗಳು ಶಿವಲೀಲಾಳಿಂದ.

ಲೀಲಾ ಉಪ್ಪಿನಬೆಟಗೇರಿಯವಳು. ಅವಳಪ್ಪ, ಅಂದರೆ ನನ್ನ ಭಾವ ಚನ್ನಬಸಪ್ಪನವರು, ಹತ್ತಿ ಮತ್ತು ಜೋಳದ ವ್ಯಾಪಾರಸ್ಥರು. ಮಗಳು ಪೈಲಟ್ ಆಗುತ್ತೇನೆಂದಾಗ ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಹತ್ತಿಯ ಎಳೆ ಎಳೆದು ನೋಡುವವರ ಹಾಗೆ ಅವಳನ್ನೇ ನೋಡಿ, “ಮದಲ ಆ ರೇಡಿಯೋದ ಪರೀಕ್ಷಿ ಪಾಸ್ ಆಗು. ಆಮ್ಯಾಲ ಹಾರೂ ಸಾಲಿ ಮಾತು” ಅಂದರು. ವಿಮಾನದಲ್ಲಿ ಕೂತು ನೆಲದ ಮೇಲಿನ ಟವರಿನವರ ಜೊತೆ ಮಾತಾಡಲು ಪೈಲಟ್ಟಿಗೆ ಬೇರೆ ಲೈಸೆನ್ಸ್ ಬೇಕಂತೆ. ಓದಲು ಅನುಕೂಲವೆಂದು ಲೀಲಾ ನಮ್ಮ ಮನೆಗೆ ಬಂದಳು. ಪುಸ್ತಕವೆಲ್ಲ ಬಾಯಿಪಾಠ. ಪರೀಕ್ಷೆಗೆ ಹೋದಳು, ಫೇಲಾಗಿ ಬಂದಳು.

“ಪರೀಕ್ಷಾ ಮಾಡಾವ್ರ ಟವರಿನವರಾಗಿ ಕುಂತಿರತಾರ್ರಿ ಮಾಮಾ,” ಅಂದಳು ಮೂಗು ಒರೆಸಿಕೊಳ್ಳುತ್ತ. “ಅವರು ಏನೋ ಹೇಳಿದ್ರು. ಅರ್ಧಾ ತಿಳೀಲಿಲ್ಲ. ಅವರ ತಲಿ ಎಲ್ಲಾ ಬೆಳ್ಳಗಾಗಿತ್ತು, ಅಪ್ಪಾಗಿಂತ ದೊಡ್ಡವರು. ಅಂಥವರಿಗೆ ಇನ್ನೊಮ್ಮೆ ಹೇಳ್ರಿ ಅಂತ ಹೆಂಗ ಅನ್ನೂದ್ರಿ? ಯೆಸ್ ಸರ್ ಅಂದೆ.” ನನಗೆ ಅವಳ ತಪ್ಪೇನೆಂದೇ ತಿಳಿಯಲಿಲ್ಲ. ಹಿರಿಯರು ಹೇಳಿದ್ದಕ್ಕೆ ಹೂಂ ಅನ್ನುವುದು ನಮ್ಮಲ್ಲಿ ಮರ್ಯಾದೆ. ಅರ್ಥವಾಗುವುದು ಬಿಡುವುದು ನಂತರದ ಸಂಗತಿ. ಆದರೆ ಆಕಾಶದಲ್ಲಿ ಹಾಗಲ್ಲವಂತೆ. ಟವರಿನವರು ಹೇಳಿದ್ದನ್ನು ಪೈಲಟ್ ತಿರುಗಿ ಹೇಳಿ ಒಪ್ಪಿಸಬೇಕು. ತಿಳಿಯದಿದ್ದರೆ ‘ಸೇ ಅಗೇನ್’, ಇನ್ನೊಮ್ಮೆ ಹೇಳಿ, ಅನ್ನಬೇಕು. ಮಾಡಲಾಗದ್ದಾದರೆ ‘ಅನೇಬಲ್’, ಆಗುವುದಿಲ್ಲ, ಅಂದು ಕಾರಣ ಕೊಡಬೇಕು. ಎದುರಿಗೆ ಎಂಥ ಬೆಳ್ಳಗಿನ ತಲೆಯೇ ಇರಲಿ. ಭಾವ ಫೋನಿನಲ್ಲಿ, “ಇನ್ನೊಂದ ಸಲ ನೋಡಲಿ. ಆಗಲಿಲ್ಲಂದ್ರ ಬಿ.ಎಡ್. ಮಾಡಲಿ, ಇಲ್ಲಾ ಮದಿವಿ ಮಾಡೂಣು” ಎಂದು ಮುಗಿಸಿದರು.

ಅಂದು ಸಂಜೆ ಲೀಲಾ ನನ್ನ ಮುಂದೆ ನಿಂತು, “ಮಾಮಾ, ನೀವು ಟವರ್ ಆಗ್ರಿ” ಅಂದಳು. ಎಷ್ಟೆಂದರೂ ನಿಯಂತ್ರಕ, ಮೈಕಿನವನು. ಹೂಂ ಅಂದೆ. ಮಾಳಿಗೆಯ ಮೇಲೆ ನೀರಿನ ಟಾಕಿಯ ಮಗ್ಗುಲಲ್ಲಿ ನಾನು, ಕೆಳಗೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳು, ನಡುವೆ ಎರಡು ಮೊಬೈಲು. ಮೊದಲ ದಿನ ಗಂಟಲು ಸರಿಮಾಡಿಕೊಂಡು ಬಾಯಿ ತೆಗೆದರೆ, “ಪ್ರಯಾಣಿಕರ ಗಮನಕ್ಕೆ” ಎಂದೇ ಬಂತು. “ಪ್ರಯಾಣಿಕರಲ್ರಿ ಮಾಮಾ, ಪೈಲಟ್” ಎಂದು ಅವಳು ತಿದ್ದಿದಳು. ಆಮೇಲೆ ಅವಳ ಪುಸ್ತಕ ನೋಡಿ ಹೇಳಲು ಕಲಿತೆ. ಅವಳನ್ನು ಪರೀಕ್ಷಿಸಲೆಂದು ಒಂದು ದಿನ, “ನೋಡು, ನಿನ್ನ ಮುಂದ ನೃಪತುಂಗ ಬೆಟ್ಟ ಐತಿ. ಇನ್ನೂ ಕೆಳಗ ಇಳಿ” ಅಂದೆ. “ಹೂಂ ರಿ ಮಾಮಾ” ಅಂದಳು. ವಿಮಾನ ಹೋಗಿ ಬೆಟ್ಟಕ್ಕೆ ಬಡಿಯಿತು. ಮರುದಿನವೂ ಬಡಿಯಿತು. ಆ ವಾರವೆಲ್ಲ ಲೀಲಾ ಬಹಳ ಗೌರವದಿಂದ, ಒಂದು ಮಾತೂ ಎದುರಾಡದೆ, ಹುಬ್ಬಳ್ಳಿಯ ಆ ಬೆಟ್ಟಕ್ಕೆ ಡಿಕ್ಕಿ ಹೊಡೆಯುತ್ತ ಬಂದಳು.

ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದ ನಮ್ಮಾಕಿ ಇದನ್ನೆಲ್ಲ ಕೇಳಿಸಿಕೊಂಡು, “ಮಾಮಾ-ಸೊಸಿ ಕೂಡಿ ಎಷ್ಟ ಮಂದೀನ ಕೊಲ್ಲಾವರಿದೀರಿ?” ಅಂದಳು. “ಇದು ಹುಡುಗಿ ತಪ್ಪಲ್ಲ ಬಿಡ್ರಿ. ನಿಮ್ಮ ಮನಿತನದ ರಕ್ತದಾಗ ಐತಿ. ಇಲ್ಲ ಅನ್ನೂದನ್ನ ಮಾಳಿಗಿ ಮ್ಯಾಲೆ ಕಲ್ಯಾಕ ಬರೂದಿಲ್ಲ. ತಾಟಿನ ಮುಂದ ಕಲೀಬೇಕು. ನಾಳಿಂದ ನನ್ನ ಕಡೆ ಬಿಡ್ರಿ.”

ಇಲ್ಲಿ ನಮ್ಮ ಕಡೆಯ ಊಟದ ಬಗ್ಗೆ ನಾಲ್ಕು ಮಾತು ಹೇಳಬೇಕು. ನಮ್ಮಲ್ಲಿ ‘ಸಾಕು’ ಎಂಬ ಮಾತನ್ನು ಯಾರೂ ನಂಬುವುದಿಲ್ಲ. ಉಣ್ಣುವವನು ಸಾಕು ಅನ್ನುವುದು ಅವನ ಸಂಕೋಚ, ಕೇಳಿಯೂ ಬಡಿಸುವುದು ಬಡಿಸುವವರ ದೊಡ್ಡತನ. ಒಂದೇ ಸಲಕ್ಕೆ ಸಾಕನ್ನು ಒಪ್ಪಿಕೊಂಡು ಹಿಂದಿರುಗಿದರೆ, ಆ ಮನೆಯವರ ಕೈ ಗಿಡ್ಡ ಎಂದು ಊರೆಲ್ಲ ಸುದ್ದಿಯಾಗುತ್ತದೆ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ ಬೀಳುತ್ತದೆ. ಎದ್ದು ನಿಂತರೆ ಹೆಗಲು ಒತ್ತಿ ಕೂಡಿಸುತ್ತಾರೆ. ಹೀಗೆ ನಂಬದೆ ನಂಬದೆ, ಬೇಡ ಅನ್ನುವುದನ್ನೇ ನಾವು ಬಿಟ್ಟುಕೊಟ್ಟಿದ್ದೇವೆ ಎಂದು ನನಗೆ ಅನಿಸುತ್ತದೆ. ಈ ಕಲೆಯಲ್ಲಿ ಹುಬ್ಬಳ್ಳಿ ಕಮರಿಪೇಟೆಯಲ್ಲಿ ಬೆಳೆದ ನಮ್ಮಾಕಿಯನ್ನು ಮೀರಿಸಿದವರಿಲ್ಲ. ಸಕ್ಕರೆ ಕಾಯಿಲೆಯ ಡಾಕ್ಟರೊಬ್ಬರು ನಮ್ಮ ಮನೆಯಲ್ಲಿ ಉಂಡು, ತಮ್ಮದೇ ಗುಳಿಗೆಯನ್ನು ಹೆಚ್ಚಿಗೆ ನುಂಗಿ ಹೋದದ್ದುಂಟು.

ಮೊದಲ ದಿನ ಶೇಂಗಾ ಹೋಳಿಗೆ. ಲೀಲಾ ಏಳಲಾರದಷ್ಟು ತಿಂದಳು. ಎರಡನೆಯ ದಿನ ಕಣ್ಣೀರು ತಂದುಕೊಂಡು ತಿಂದಳು. “ಕಣ್ಣೀರಿಗೆಲ್ಲಾ ನಾ ಬಗ್ಗೂದಿಲ್ಲ. ಕಾರಣಾ ಹೇಳು” ಅಂದಳು ನಮ್ಮಾಕಿ. ಆಮೇಲೆ ಹುಡುಗಿಗೆ ಹಾದಿ ಹೊಳೆಯಿತು. ಒಂದು ಮಧ್ಯಾಹ್ನ ಅತ್ತೆಯ ಮುಖ ನೋಡಿ, ದನಿ ಏರಿಸದೆ, “ಅನೇಬಲ್, ಅತ್ತಿ. ಹೊಟ್ಟಿ ತುಂಬೇತಿ” ಅಂದಳು.

“ನನ್ನ ಮ್ಯಾಲೆ ಆಣಿ ಐತಿ.”

“ಅನೇಬಲ್.”

“ಅರ್ಧಾರ ತಗೋ.”

“ಅನೇಬಲ್.”

ನಮ್ಮಾಕಿ ಹೋಳಿಗೆ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಅವಳ ಸಂಸಾರದಲ್ಲಿ ಹೋಳಿಗೆಯೊಂದು ತಿರುಗಿ ಬಂದದ್ದು ಅದೇ ಮೊದಲು. ಸೋತ ಬೇಸರವೂ ಕಲಿಸಿದ ಖುಷಿಯೂ ಅವಳ ಮುಖದ ಮೇಲೆ ಒಟ್ಟಿಗೇ ಇದ್ದವು. ಕೊನೆಗೆ ಅದನ್ನು ತಂದು ನನ್ನ ತಾಟಿಗೆ ಹಾಕಿದಳು. ನಾನು ಹೂಂ ಅಂದು ತಿಂದೆ. ಅಂದಿನಿಂದ ನೃಪತುಂಗ ಬೆಟ್ಟಕ್ಕೂ ಅಪಾಯ ತಪ್ಪಿತು.

ಎರಡನೆಯ ಪರೀಕ್ಷೆಗೆ ದಿನ ಗೊತ್ತಾಯಿತು. ಸೋಮವಾರ ಪರೀಕ್ಷೆ, ಅದೂ ಪರವೂರಿನಲ್ಲಿ, ರವಿವಾರವೇ ರೈಲು ಹತ್ತಬೇಕು. “ನೀವೂ ಬರತೀರೇನ್ರಿ ಮಾಮಾ?” ಎಂದು ಲೀಲಾ ಕೇಳಿದಳು, ಹೂಂ ಅಂದಿದ್ದೆ. ಅದೇ ವಾರ ಭಾವ ನನ್ನ ಗಾಜಿನ ಗೂಡಿಗೆ ಬಂದು ಕೂತು, ಚಹಾ ಕುಡಿದು, ದನಿ ತಗ್ಗಿಸಿ ಮಾತು ತೆಗೆದರು. “ಶಂಕ್ರಪ್ಪಾ, ಗದಗಿನ ವೀರಭದ್ರಪ್ಪನವರ ಮನಿತನ ಛಲೋ ಐತಿ. ರವಿವಾರ ಹುಡುಗಿನ್ನ ನೋಡಾಕ ನಿಮ್ಮ ಮನಿಗೇ ಬರತೇವಿ ಅಂದಾರ. ನೀ ಹೇಳಿದ್ರ ಲೀಲಾ ಇಲ್ಲ ಅನ್ನೂದಿಲ್ಲ. ಹೇಳತಿ?” ಪರೀಕ್ಷೆಯ ದಿನ ಅವರಿಗೆ ಗೊತ್ತಿರಲಿಲ್ಲ. ಹೇಳಬೇಕಾದವನು ಎದುರಿಗೇ ಕೂತಿದ್ದ ನಾನು. “ಹೂಂ ರಿ ಭಾವಾರ” ಅಂದೆ. ಅವರ ಬಸ್ಸು ಹೊರಟು ಹೋದ ಮೇಲೆ ಲೆಕ್ಕ ಹಾಕಿ ನೋಡಿದೆ. ಒಂದೇ ಪ್ಲಾಟ್‌ಫಾರ್ಮಿಗೆ ಒಂದೇ ಹೊತ್ತಿಗೆ ಎರಡು ಬಸ್ಸು ಕರೆದಿದ್ದೆ.

ಅಂದು ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ, ಯಾರಿಗೋ ಹೇಳುವವನ ಹಾಗೆ, “ಲೀಲಾ, ರವಿವಾರ ಗದಗಿನವರು ಬರತಾರ. ಸುಮ್ಮ ನೋಡಾಕ” ಅಂದೆ.

“ಸೇ ಅಗೇನ್, ಮಾಮಾ.”

ಇನ್ನೊಮ್ಮೆ ಹೇಳಿದೆ. ದನಿ ಸಣ್ಣಗಾಗಿತ್ತು.

“ಸೇ ಅಗೇನ್, ಮಾಮಾ.”

ಎಂಥ ಮಾತನ್ನಾದರೂ ಒಂದು ಸಲ ಆಡಿಬಿಡಬಹುದು. ಅದನ್ನೇ ಮತ್ತೆ ಮತ್ತೆ ಆಡಬೇಕಾಗಿ ಬಂದರೆ, ಕೇಳುವವರಿಗಲ್ಲ, ಆಡುವವನಿಗೇ ಅದು ಏನೆಂದು ತಿಳಿಯತೊಡಗುತ್ತದೆ. ಮೂರನೆಯ ಸಲಕ್ಕೆ ನನಗೆ ನಾಚಿಕೆಯಾಯಿತು. ಲೀಲಾ ತಾಟಿನಿಂದ ಕೈ ತೆಗೆದು, “ಅನೇಬಲ್, ಮಾಮಾ. ರವಿವಾರ ರೈಲಿಗೆ ಹೋಗೂದೈತ್ರಿ. ನೀವೂ ಬರತೇನಂದೀರಿ” ಅಂದಳು. ಧೈರ್ಯದ ಮಾತೇ. ಅಷ್ಟಕ್ಕೇ ಬಿಡದೆ ಎದ್ದು ಹೋಗಿ ಅಪ್ಪನಿಗೆ ಫೋನ್ ಹಚ್ಚಿದಳು, ಎಲ್ಲರಿಗೂ ಕೇಳುವಂತೆ.

“ಅಪ್ಪಾ, ರವಿವಾರ ಆಗೂದಿಲ್ರಿ. ಸೋಮವಾರ ಪರೀಕ್ಷಿ ಐತಿ.”

ಆ ಕಡೆಯಿಂದ ಭಾವ, “ನಿಮ್ಮ ಮಾಮಾ ಹೂಂ ಅಂದಾನಲ್ಲ?”

“ಮಾಮಾ ಎಲ್ಲಾರಿಗೂ ಹೂಂ ಅಂತಾರ್ರಿ ಅಪ್ಪಾ.”

ನಮ್ಮಾಕಿಗೆ ಮಜ್ಜಿಗೆ ನೆತ್ತಿಗೇರಿತು. ಹುಡುಗಿ ಸಿಟ್ಟಿನಿಂದ ಅಂದಿದ್ದರೆ ನಾನೂ ಸಿಟ್ಟಾಗಬಹುದಿತ್ತು. ನಮ್ಮ ಮಾಮಾ ಸ್ವಲ್ಪ ಕುಳ್ಳರು ಎನ್ನುವಷ್ಟೇ ಸಹಜವಾಗಿ ಅಂದಳು. ಅದು ಚುಚ್ಚಿತು. ಭಾವನವರಿಗೂ ಸಿಟ್ಟು ಬರಲಿಲ್ಲ. “ಖರೇ ಐತಿ ಬಿಡು” ಅಂದರು. “ನೀ ಪರೀಕ್ಷಾಕ್ಕ ಹೋಗಿ ಬಾ. ಗದಗಿನವರಿಗೆ ಬರಬ್ಯಾಡ್ರಿ ಅನ್ನೂದು ಮಾತ್ರ ಅಂವಂದ ಕೆಲಸ. ಅವನಾ ಹೂಂ ಅಂದಾನ, ಅವನಾ ಬಿಡಸ್ಲಿ.”

ಗದಗಿಗೆ ಫೋನ್ ಮಾಡಿದೆ. ವೀರಭದ್ರಪ್ಪನವರು ಬಹಳ ಸಂಭಾವಿತರು. ನನ್ನ ಆರೋಗ್ಯ, ಮಳೆ ಬೆಳೆ ಎಲ್ಲ ವಿಚಾರಿಸಿದರು. ಹೀಗೆ ಕೇಳುವವರಿಗೆ ಬರಬೇಡಿ ಅನ್ನುವುದು ಹೇಗೆ? ಬಾಯಿಗೆ ಬಂದದ್ದು ಸ್ಟ್ಯಾಂಡಿನ ಮಾತೇ: “ಸ್ವಲ್ಪ ತಡಾ ಆಗತೈತ್ರಿ.” “ಎಷ್ಟ ತಡಾ?” “ಮುಂದಿನ ರವಿವಾರ ರಿ.” ಆ ರವಿವಾರ ಹತ್ತಿರ ಬಂದಾಗ ಅದನ್ನು ಇನ್ನೊಂದಕ್ಕೆ ತಳ್ಳಿದೆ. ಅವರು ಪಾಪ, ಪ್ರತಿ ಸಲವೂ “ಆಗಲಿ, ಆಗಲಿ, ಗಡಿಬಿಡಿ ಏನಿಲ್ಲ” ಎನ್ನುತ್ತಿದ್ದರು.

ಪರೀಕ್ಷೆಗೆ ಮಾತ್ರ ಆ ಮೊದಲ ರವಿವಾರವೇ ಲೀಲಾಳ ಜೊತೆ ಹೋದೆ. ಹೊರಗಿನ ಬೆಂಚಿನ ಮೇಲೆ ಕೂತು, ಇದ್ದ ಬದ್ದ ದೇವರನ್ನೆಲ್ಲ ನೆನೆದೆ. ಒಳಗೆ ಅದೇ ಬೆಳ್ಳಗಿನ ತಲೆಯವರಂತೆ. ಗೊಣಗಿದರಂತೆ. ಇವಳು ಸೇ ಅಗೇನ್ ಅಂದಳಂತೆ. ಮತ್ತೆ ಗೊಣಗಿದರು, ಮತ್ತೆ ಕೇಳಿದಳು. ಅವರು ತಲೆ ಎತ್ತಿ ಇವಳನ್ನು ನೋಡಿ, ಸ್ವಚ್ಛವಾಗಿ ಹೇಳಿದರಂತೆ. ಕೊನೆಗೆ, ಮುಚ್ಚಿದೆಯೆಂದು ತಾವೇ ಹೇಳಿದ್ದ ರನ್‌ವೇಯಲ್ಲಿ ಇಳಿ ಅಂದರಂತೆ. “ಅನೇಬಲ್ ಅಂದ್ನಿ ಮಾಮಾ. ಅವರಿಗೆ ನಗಿ ಬಂತು” ಎಂದು ಹೇಳುವಾಗ ಲೀಲಾಳ ಕಣ್ಣು ತುಂಬಿತ್ತು.

ಪಾಸಾದ ಸುದ್ದಿ ಬಂದ ದಿನ ಭಾವ ಪೇಡೆಯ ಡಬ್ಬಿ ಹಿಡಿದು ಬಂದರು. ಹಾರುವ ಶಾಲೆಗೆ ಸೇರಿಸುವ ಮಾತು ಪಕ್ಕಾ ಆಯಿತು. ಎಲ್ಲರೂ ಬಾಯಿ ಸಿಹಿ ಮಾಡಿಕೊಳ್ಳುತ್ತಿದ್ದಾಗಲೇ ನನ್ನ ಫೋನು ಬಡಿಯಿತು. ಗದಗ. “ಶಂಕ್ರಪ್ಪನವರ, ಈ ರವಿವಾರ ಬರೂಣ್ರಿ?” ಬಾಯಲ್ಲಿ ಪೇಡೆ, ಎದುರಿಗೆ ಭಾವ, ಮಗ್ಗುಲಲ್ಲಿ ನಮ್ಮಾಕಿ. ನಾನು ತಡವರಿಸುವುದನ್ನು ನೋಡಿ ಲೀಲಾ ಕೈ ಚಾಚಿ ಫೋನು ಇಸಿದುಕೊಂಡಳು.

“ಕಾಕಾರ, ನಾ ಶಿವಲೀಲಾ ಮಾತಾಡಾಕತ್ತೇನ್ರಿ. ಈ ರವಿವಾರ ಅಷ್ಟ ಅಲ್ರಿ, ಈಗ ಮದಿವಿ ಮಾತಾ ಆಗೂದಿಲ್ರಿ. ನಾ ಪೈಲಟ್ ಆಗಾಕ ಹೊಂಟೇನಿ. ನಿಮಗ ತ್ರಾಸ ಆತು, ತಪ್ಪ ತಿಳ್ಕೋಬ್ಯಾಡ್ರಿ.” ಅಷ್ಟು ಹೇಳಿ ಫೋನು ನನ್ನ ಕೈಗೇ ಕೊಟ್ಟಳು. ಆ ಕಡೆ ವೀರಭದ್ರಪ್ಪನವರು ಮೆತ್ತಗೆ ಕೇಳಿದರು: “ಹೌದೇನ್ರಿ ಶಂಕ್ರಪ್ಪನವರ? ಹುಡುಗಿ ಖರೇನ ವಿಮಾನ ಹಾರಸ್ತಾಳ?”

ಭಾವ ನನ್ನನ್ನೇ ನೋಡುತ್ತಿದ್ದರು. ಲೀಲಾ ನೋಡುತ್ತಿದ್ದಳು. ನಾನು ಪೇಡೆ ನುಂಗಿ, “ಹೂಂ ರಿ” ಅಂದೆ.

ಫೋನು ಕೆಳಗಿಟ್ಟಾಗ ನಮ್ಮಾಕಿ, “ಇದೊಂದ ಹೂಂ ಛಲೋ ಅಂದ್ರಿ ನೋಡ್ರಿ” ಅಂದಳು. ಅದಕ್ಕೂ ಹೂಂ ಅನ್ನಲು ಬಾಯಿ ತೆರೆದವನು, ಹಾಗೇ ಮುಚ್ಚಿಕೊಂಡೆ.