ಯಾಕೋಬಯ್ಯ ಮೇಷ್ಟ್ರು ನಕ್ಕ ದಿನ

ಕ್ರಿಸ್‌ಮಸ್ ಮುಗಿದು ಎರಡು ವಾರವಾಗಿತ್ತು. ಹೊಳೆನರಸೀಪುರದ ಕ್ರೈಸ್ತರ ಮನೆಗಳಲ್ಲಿ ಕಾಗದದ ನಕ್ಷತ್ರ ಅಟ್ಟ ಸೇರಿತ್ತು, ಕರಜಿಕಾಯಿ ಡಬ್ಬದ ತಳ ಕಂಡಿತ್ತು, ಹೊಸ ಬಟ್ಟೆ ಅಗಸರ ಮನೆಗೂ ಒಂದು ಸಲ ಹೋಗಿ ಬಂದಿತ್ತು. ಇನ್ನು ಮುಂದಿನ ಡಿಸೆಂಬರಿನವರೆಗೆ ಎಲ್ಲರೂ ಅವರವರ ಮಾಮೂಲು ಮುಖ ಹಾಕಿಕೊಂಡು ನೆಮ್ಮದಿಯಾಗಿ ಇರಬಹುದಾಗಿತ್ತು. ಇರಲು ಮಿಶನ್ನಿನ ಬಿಳಿಯ ಪಾದ್ರಿ ದೊರೆ ಬಿಡಬೇಕಲ್ಲ!

ಹಾಸನದಿಂದ ರೈಲಿನಲ್ಲಿ ಬಂದ ದೊರೆ ಭಾನುವಾರ ಪೀಠ ಹತ್ತಿದವರೇ ಮೇಜು ಗುದ್ದಿದರು. “ಪ್ರಿಯರೇ! ನಕ್ಷತ್ರವನ್ನು ಅಟ್ಟಕ್ಕೆ ಏರಿಸಿದಿರಿ. ಸಂತೋಷವನ್ನೂ ಅದರ ಸಂಗಡ ಏರಿಸಿದಿರೋ? ನಾಳೆ ನಾನು ಬೀದಿ ಬೀದಿಗೆ ಬರುವೆನು. ಯಾರ ಮುಖದಲ್ಲಿ ಹಬ್ಬದ ಹರ್ಷವು ಉಳಿದಿದೆಯೆಂದು ನೋಡುವೆನು!”

ಅಷ್ಟಕ್ಕೇ ನಿಲ್ಲಿಸಿದ್ದರೆ ಚಿಂತೆಯಿರಲಿಲ್ಲ. ಆರಾಧನೆ ಮುಗಿದ ಮೇಲೆ ಮಿಶನ್ ಶಾಲೆಯ ಇಬ್ಬರು ಮೇಷ್ಟ್ರುಗಳನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು, “ನಿಮ್ಮಲ್ಲಿ ಒಬ್ಬನು ಕೊಣನೂರಿನ ಶಾಲೆಗೆ ಹೋಗತಕ್ಕದ್ದು. ಯಾರೆಂದು ನಾಳೆ ತಿಳಿಸುವೆನು” ಎಂದರು.

ಅವರಲ್ಲೊಬ್ಬರಾದ ಯಾಕೋಬಯ್ಯ ಮೇಷ್ಟ್ರು ಕಂಗಾಲಾದರು. ಹಿಂದೆ ಕೊಣನೂರಿಗೆ ಹೋಗಿದ್ದ ಮೇಷ್ಟ್ರು ಚಳಿಜ್ವರ ಹತ್ತಿಸಿಕೊಂಡು, ಅರಿಸಿನದ ಕೊಂಬಿನ ಬಣ್ಣಕ್ಕೆ ತಿರುಗಿ ವಾಪಸಾಗಿದ್ದರು. ಮನೆಗೆ ಬಂದರೆ ಹೆಂಡತಿ ಸುಗುಣಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: “ಅಲ್ಲಿಗಾದ್ರೆ ನೀವೊಬ್ರೇ ಓಗಿ. ನಾನು ಮಕ್ಳನ್ನ ಕಟ್ಕೊಂಡು ನಮ್ಮವ್ವನ ಮನೆಗೆ ಓಯ್ತೀನಿ.”

“ಈಗೇನೇ ಮಾಡೋದು?”

“ನಗಿ. ಸಂತೋಷವಾಗಿರೋರ್ನ ನೋಡ್ತೀನಿ ಅಂದ್ರು ತಾನೆ ದೊರೆ? ಮನಸ್ಸಿಗೆ ಬಂದೋರನ್ನ ಯಾರಾದ್ರೂ ದೂರ ಕಳಿಸ್ತಾರಾ? ಆ ಲೂಕಪ್ಪ ಮೇಷ್ಟ್ರು ಹಲ್ಲುನೋವು ಅಂತ ಕೆನ್ನೆ ಊದಿಸ್ಕೊಂಡು ಕೂತವ್ರೆ. ನಾಳೆ ಒಂದಿನ ನೀವು ಹಲ್ಲು ಬುಟ್ಕೊಂಡಿರಿ ಸಾಕು, ಅವ್ರು ಗಂಟುಮೂಟೆ ಕಟ್ತಾರೆ.”

ಹೇಳುವುದು ಸುಲಭ. ಯಾಕೋಬಯ್ಯ ಮೇಷ್ಟ್ರದು ಹುಟ್ಟಾ ಹುಳಿ ಮುಖ. ಅವರ ಮದುವೆಯ ದಿನ, ಗಂಡಿನ ಕಡೆ ಯಾರೋ ತೀರಿಕೊಂಡಿದ್ದಾರೆಂದು ಹೆಣ್ಣಿನ ಕಡೆಯವರು ಗಾಬರಿಯಾಗಿದ್ದರಂತೆ. ಸೋಮವಾರ ಎದ್ದವರೇ ಕನ್ನಡಿ ಮುಂದೆ ನಿಂತು ಹೆಣಗಿದರು. ಕೊನೆಗೊಂದು ನಗು ಹೇಗೋ ಬಂದು ಕೂತಿತು. ಅದನ್ನು ಕಂಡು ಸುಗುಣಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. “ಇರ್ಲಿ, ಅದನ್ನೇ ಇಟ್ಕೊಳ್ಳಿ. ಬದಲಾಯಿಸಾಕೆ ಓಗ್ಬೇಡಿ.”

ಯುದ್ಧದ ಕಾಲ, ಪೆಟ್ರೋಲು ಸಿಗದೆ ದೊರೆ ಮೋಟಾರು ಬಿಟ್ಟು ಸೈಕಲು ಹತ್ತಿದ್ದರು. ಆ ಸೈಕಲು ಯಾವ ಗಲ್ಲಿಯಿಂದ ನುಗ್ಗೀತೋ ಹೇಳುವಂತಿರಲಿಲ್ಲ. ಹಾಗಾಗಿ ಮೇಷ್ಟ್ರು ನಗುವನ್ನು ಒಂದು ಗಳಿಗೆಯೂ ಇಳಿಸುವಂತಿರಲಿಲ್ಲ.

ಹೊಸ್ತಿಲು ದಾಟಿದರೆ ಪಕ್ಕದ ಮನೆಯಲ್ಲಿ ಗೋಳೋ ಎಂಬ ಅಳು. ಕಿರಾಣಿ ಅಂಗಡಿ ರುದ್ರಯ್ಯನ ಹಾಲು ಕರೆಯುವ ಎಮ್ಮೆ ನಸುಕಿನಲ್ಲಿ ಸತ್ತುಹೋಗಿತ್ತು. ಅವನ ಹೆಂಡತಿ ಬಸವಲಿಂಗಮ್ಮ ಅದರ ಕೊರಳು ತಬ್ಬಿ ಅಳುತ್ತಿದ್ದಳು. ಮಾತಾಡಿಸದೆ ಹೋದರೆ ನೆರೆಹೊರೆಗೆ ಅರ್ಥವೇನು?

“ಎಂಥಾ ಎಮ್ಮೆ ಹೋಯ್ತಲ್ಲ ರುದ್ರಯ್ಯನೋರೇ!” ಎಂದರು ಮೇಷ್ಟ್ರು, ಮೂವತ್ತೆರಡೂ ಹಲ್ಲು ತೋರಿಸುತ್ತ.

ಬಸವಲಿಂಗಮ್ಮನ ಅಳು ಅರ್ಧಕ್ಕೇ ನಿಂತಿತು. “ಏನ್ ಮೇಷ್ಟ್ರೇ, ನನ್ ಎಮ್ಮೆ ಸತ್ರೆ ನಿಮ್ಗೆ ನಗ ಬಂತಾ?”

“ಅಯ್ಯೋ ಇಲ್ಲ ತಾಯಿ, ನನಗೂ ಕರುಳು ಚುರ್ ಅಂತಿದೆ...” ಅಷ್ಟರಲ್ಲಿ ಮೂಲೆಯಲ್ಲಿ ಸೈಕಲ್ ಗಂಟೆ ಕೇಳಿಸಿತು. ನಗು ಎರಡು ಕಿವಿ ಮುಟ್ಟಿತು. ಬಂದವನು ಅಂಚೆಯವನು.

“ನಿಮ್ಮನೆ ಮಕ್ಳಿಗೆ ದಿನಾ ಹಾಲು ಕೊಟ್ಟ ಎಮ್ಮೆ ಕಣ್ರೀ ಅದು!” ಎಂದು ರುದ್ರಯ್ಯ ಹಲ್ಲು ಕಡಿದ. ಮೇಷ್ಟ್ರು ನಗುತ್ತಲೇ ಶಾಲೆಯ ದಾರಿ ಹಿಡಿದರು.

ಶಾಲೆಯಲ್ಲಿ ನಗುತ್ತಲೇ ಮಗ್ಗಿ ಕೇಳಿದರು, ನಗುತ್ತಲೇ ಬೆತ್ತ ಎತ್ತಿದರು. ಹುಳಿ ಮುಖದಲ್ಲಿ ಬೀಳುವ ಏಟಿಗೆ ಒಗ್ಗಿಹೋಗಿದ್ದ ಹುಡುಗರು ಈ ಹೊಸ ಮುಖ ಕಂಡು ಹೌಹಾರಿದರು. ಒಬ್ಬನಂತೂ ಚಡ್ಡಿ ಒದ್ದೆ ಮಾಡಿಕೊಂಡ. ಪಕ್ಕದ ಕೋಣೆಯಲ್ಲಿ ಲೂಕಪ್ಪ ಮೇಷ್ಟ್ರು ಗದ್ದದಿಂದ ನೆತ್ತಿಯವರೆಗೆ ಬಟ್ಟೆ ಸುತ್ತಿಕೊಂಡು ನರಳುತ್ತಿದ್ದರು.

“ಏನಪ್ಪಾ ಲೂಕಪ್ಪ, ಹಬ್ಬದ ಸಂತೋಷ ಎಲ್ಲಿ?”

“ಸಂತೋಷದ ಮನೆ ಹಾಳಾಗ! ದವಡೆ ಹಲ್ಲು ಪ್ರಾಣ ತಿಂತಾ ಅದೆ. ದೊರೆಯಲ್ಲ, ದೊರೆ ಅಪ್ಪ ಬಂದ್ರೂ ನಾನು ನಗಾಕಿಲ್ಲ.”

ಇಡೀ ದಿನದಲ್ಲಿ ಯಾಕೋಬಯ್ಯ ಮೇಷ್ಟ್ರಿಗೆ ನಿಜವಾದ ನಗು ಬಂದದ್ದು ಆಗ ಒಂದೇ ಸಲ. ಇದೂ ಹಬ್ಬದ ಹರ್ಷವೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರು ಪಂಚಾಯ್ತಿ ಸೇರಿದ್ದರು. “ಬೆಳಗಿಂದ ಅಂಗೇ ಹಲ್ಲು ಬುಟ್ಕೊಂಡವ್ನೆ” ಎಂದಳು ಎದುರುಮನೆ ಬೆಟ್ಟಮ್ಮ. “ನನ್ ಮೊಮ್ಮಗುಂಗೆ ನಗ್ತಾ ನಗ್ತಾ ಬಾರ್ಸವ್ನೆ. ಅದು ಮನ್ಸರ ನಗ ಅಲ್ಲ ಕಣವ್ವ.”

ಬಸವಲಿಂಗಮ್ಮನಿಗೆ ತಟ್ಟನೆ ಹೊಳೆಯಿತು. “ನನ್ ಎಮ್ಮೆ ತಿಂದ ಗಾಳಿನೇ ಮೇಷ್ಟ್ರನ್ನ ಇಡ್ಕಂಡದೆ!” ಕೂಡಲೇ ದೆವ್ವ ಬಿಡಿಸುವ ಮಂಚಯ್ಯನಿಗೆ ಹೇಳಿಕಳಿಸಿದರು.

ಮೇಷ್ಟ್ರು ಮನೆಯ ಜಗಲಿ ಹತ್ತುವುದಕ್ಕಿಲ್ಲ, ರುದ್ರಯ್ಯ ಹಿಂದಿನಿಂದ ಎರಡು ರಟ್ಟೆ ಹಿಡಿದ. ಮಂಚಯ್ಯ ಹಿಡಿ ಬೂದಿ ಎರಚಿ, ಬೇವಿನ ಕಡ್ಡಿಗಳ ಬರಲು ಬೀಸಿ ಗದರಿದ: “ಯಾರ್ಲಾ ನೀನು? ಬುಟ್ ಓಯ್ತೀಯೋ ಇಲ್ವೋ?”

“ನಾನು ಯಾಕೋಬಯ್ಯ ಕಣ್ರಪ್ಪಾ!”

“ನೋಡಿ ನೋಡಿ, ಮೇಷ್ಟ್ರ ಎಸ್ರನ್ನೂ ಕದ್ದದೆ!” ಎಂದಳು ಬೆಟ್ಟಮ್ಮ.

ಬರಲು ಬೆನ್ನಿಗೆ ಬಿತ್ತು. ಅಯ್ಯಯ್ಯೋ ಎಂದು ಕಿರುಚಲು ಬಾಯಿ ತೆರೆದರು. ಸರಿಯಾಗಿ ಅದೇ ಹೊತ್ತಿಗೆ ಗಂಟೆ ಬಾರಿಸುತ್ತ ದೊರೆಯ ಸೈಕಲು ಬೀದಿಗೆ ತಿರುಗಿತು. ಬಾಗಿಲಲ್ಲಿ ನಿಂತ ಸುಗುಣಮ್ಮ, ನಗಿ ನಗಿ ಎಂದು ಕೈಸನ್ನೆ ಮಾಡಿದಳು. ಮೇಷ್ಟ್ರು ಕೂಗನ್ನು ನುಂಗಿಕೊಂಡು ನಕ್ಕರು. ಮಂಚಯ್ಯ ಇನ್ನೊಂದು ಬಿಟ್ಟ. ಇನ್ನೂ ಅಗಲವಾಗಿ ನಕ್ಕರು.

ದೊರೆ ಸೈಕಲು ಕೆಡವಿ, ಟೋಪಿ ತೆಗೆದು ಓಡಿಬಂದರು. “ಆಹಾ! ಪೆಟ್ಟು ಬೀಳುವಾಗಲೂ ಹರ್ಷ! ಇಂಥ ವಿಶ್ವಾಸಿಯನ್ನು ನಾನು ಈ ಸೀಮೆಯಲ್ಲಿ ಕಂಡೇ ಇಲ್ಲ!” ಬಿಳಿಯ ದೊರೆಯನ್ನು ಕಂಡು ಮಂಚಯ್ಯ ಬರಲು ಇಳಿಸಿದ. ಗೆದ್ದೆ ಎಂದುಕೊಂಡರು ಮೇಷ್ಟ್ರು.

“ಲೂಕಪ್ಪನನ್ನು ಈಗಲೇ ನೋಡಿ ಬಂದೆನು” ಎಂದು ದೊರೆ ಮುಂದುವರಿಸಿದರು. “ಆ ಮುಖದಲ್ಲಿ ಹರ್ಷದ ಸುಳಿವೂ ಇಲ್ಲ. ಅವನನ್ನು ಕೊಣನೂರಿಗೆ ಕಳುಹಿಸಿದರೆ ಇದ್ದ ವಿಶ್ವಾಸವನ್ನೂ ಕಳಕೊಂಡಾನು. ಪಾಪ, ಅವನು ಇಲ್ಲಿಯೇ ಇರಲಿ. ಜ್ವರದ ಸೀಮೆಗೆ ಬೇಕಾದವನು ನೀನೇ, ಸಹೋದರನೇ! ನಾಳಿನ ಬಸ್ಸಿಗೇ ಹೊರಡು.”

ಬೆಳಗಿನಿಂದ ಕೂತಿದ್ದ ನಗು ಜಾರಿಹೋಯಿತು. ಯಾಕೋಬಯ್ಯ ಮೇಷ್ಟ್ರು ಜಗಲಿಯ ಮೇಲೆ ಕುಸಿದು, ಮಕ್ಕಳಂತೆ ಬಿಕ್ಕಿ ಬಿಕ್ಕಿ ಅತ್ತರು.

“ನೋಡಿರಿ, ಆನಂದಬಾಷ್ಪ!” ಎಂದು ದೊರೆ ತಮ್ಮ ಕಣ್ಣನ್ನೂ ಒರೆಸಿಕೊಂಡು ಸೈಕಲು ಹತ್ತಿದರು.

“ನೋಡ್ರವ್ವಾ, ಬುಟ್ಟೋಯ್ತು!” ಎಂದು ಮಂಚಯ್ಯ ಬರಲು ಬಿಸಾಡಿ ಬೆವರು ಒರೆಸಿಕೊಂಡ. ಬಸವಲಿಂಗಮ್ಮ ಎಮ್ಮೆಯ ದುಃಖ ಮರೆತು ಹತ್ತಿರ ಬಂದು, “ಅಳಿ ಮೇಷ್ಟ್ರೇ, ಚೆನ್ನಾಗಿ ಅಳಿ. ಮುಖ ಈಗ ಮೊದಲಿನಂಗೇ ಆಯ್ತು” ಎಂದಳು. ಬೀದಿಗೆ ಬೀದಿಯೇ ಸಂತೋಷಪಟ್ಟಿತು.