ಇಸ್ತ್ರಿಯಮ್ಮನ ಭವಿಷ್ಯತ್ಕಾಲ

ನಿವೃತ್ತ ಹೆಡ್‌ಮೇಷ್ಟ್ರ ಬಿಳಿ ಅಂಗಿಯ ತೋಳೆರಡೂ ಮುಗಿದು, ಇಸ್ತ್ರಿಯಮ್ಮ ಕಾಲರಿಗೆ ಕೈಹಾಕಿದ್ದಳು. ಕೈ ಅಂಗಿಯ ಮೇಲಿತ್ತು, ಬಾಯಿ ನಾರ್ವೆಯಲ್ಲಿತ್ತು. "ಕೊಮ್, ಬಂದೆ. ಕೊಮ್ಮೆರ್, ಬರುತ್ತಿದ್ದೇನೆ. ಸ್ಕಲ್ ಕೊಮ್ಮೆ, ಬರುವೆ" ಎಂದು ನಾರ್ವೇಜಿಯನ್ ಕ್ರಿಯಾಪದಗಳನ್ನು ಜಪಿಸುತ್ತಾ ಭೂತದಿಂದ ಭವಿಷ್ಯಕ್ಕೆ ಬರುವಷ್ಟರಲ್ಲಿ ವರ್ತಮಾನದ ಅಂಗಿಯಿಂದ ಹೊಗೆ ಎದ್ದಿತು. ಪೆಟ್ಟಿಗೆ ಎತ್ತಿ ನೋಡಿದರೆ ಕಾಲರಿನ ಮೇಲೆ ಸೀದ ಹಾಲಿನ ತಳದಂಥ ಕಂದು ಕಲೆ.

ಈ ಜಪಕ್ಕೆಲ್ಲ ಮೂಲ ಬೀಗಿತ್ತಿ. ಇಸ್ತ್ರಿಯಮ್ಮನ ಮಗಳು ಹಡಗಿನಲ್ಲಿ ದಾದಿಯಾಗಿದ್ದಾಗ ನಾರ್ವೆಯ ಹುಡುಗನೊಬ್ಬನನ್ನು ಮೆಚ್ಚಿ ಮದುವೆಯಾಗಿದ್ದಳು. ಆ ಹುಡುಗನ ತಾಯಿ ಪುಸ್ತಕ ನೋಡಿ ಕನ್ನಡ ಕಲಿತು, ಹೋದ ವರ್ಷ ಒಂದು ಕಾಗದ ಬರೆದಳು. "ನೀವು ಬಾ. ನಮ್ಮ ಮನೆ ಇರು. ಊಟ ಮಾಡು." ಅಕ್ಷರಗಳು ಮಳೆಗೆ ಸಿಕ್ಕ ಇರುವೆ ಸಾಲಿನಂತಿದ್ದರೂ ಕನ್ನಡವೇ. ಇಸ್ತ್ರಿಯಮ್ಮನಿಗೆ ಏಕವಚನ ಕಂಡು ಮೊದಲು ಸಿಟ್ಟು ಬಂತು, ಆಮೇಲೆ ಹಠ ಬಂತು. ಅವಳ ಮಾತಿನಲ್ಲೇ, ಅದೂ ಒಂದೂ ತಪ್ಪಿಲ್ಲದೆ ಉತ್ತರ ಕೊಡಬೇಕು. ಮಗಳಿಂದ ಬರೆಸಬಾರದು, ಫೋನಿನಿಂದ ಅನುವಾದ ಮಾಡಿಸಬಾರದು. ಸಂಜೆ ತರಗತಿಗೆ ಸೇರಿ ಕ್ರಿಯಾಪದಗಳ ಹಿಂದೆ ಬಿದ್ದಳು. ಹೋಗುವ ಯೋಚನೆ ಮಾತ್ರ ಕನಸಿನಲ್ಲೂ ಇರಲಿಲ್ಲ. ಸ್ಟೂಲು ಹತ್ತಿದರೆ ತಲೆ ಸುತ್ತುವವಳು ವಿಮಾನ ಹತ್ತುವುದುಂಟೇ?

ಅಷ್ಟರಲ್ಲಿ ಹೆಡ್‌ಮೇಷ್ಟ್ರು ಬನಿಯನ್ನಿನಲ್ಲೇ ಅಂಗಡಿಗೆ ಬಂದರು. ಇದ್ದ ಒಂದೇ ಒಳ್ಳೆ ಅಂಗಿ, ಸಂಜೆ ಸಭೆಯಲ್ಲಿ ಭಾಷಣ ಬೇರೆ. ಕಲೆ ನೋಡಿ ಅವರು ಬಾಯಿ ತೆರೆಯುವ ಮೊದಲೇ ಇಸ್ತ್ರಿಯಮ್ಮ ಪಕ್ಕದ ಅಂಗಡಿಯ ದರ್ಜಿಯನ್ನು ಕರೆದಳು. ಕಾಲರು ಬಿಚ್ಚಿ, ಕಲೆ ಅಡಿಗೆ ಹೋಗುವಂತೆ ಮಗುಚಿ ಹೊಲಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ ಅವನು ಅಲ್ಲೇ ಬ್ಲೇಡು ಹಿಡಿದು ಕೂತ. ಮೇಷ್ಟ್ರಿಗೆ ಅಂಗಿಗಿಂತ ಅಂಗಿ ಸುಟ್ಟ ಕಾರಣದ ಮೇಲೆ ಆಸಕ್ತಿ ಹುಟ್ಟಿತು.

"ಕಾಲಗಳು ಗಟ್ಟಿಯಾಗೋವರೆಗೆ ಕಾಗದ ಮುಟ್ಟಬಾರದು ಕಣಮ್ಮಾ," ಎಂದರು. "ನನ್ನೇ ನೋಡು, ಜೀವಮಾನ ಪೂರ್ತಿ ಫ್ರೆಂಚ್ ಕಲ್ತೆ. ಇವತ್ತಿನವರೆಗೂ ಒಂದು ತಪ್ಪು ಮಾಡಿಲ್ಲ."

"ಯಾರ ಹತ್ರ ಮಾತಾಡಿದ್ರಿ ಮೇಷ್ಟ್ರೇ?"

"ಮಾತಾಡೋದ್ಯಾಕೆ? ಮಾತಾಡಿದ್ರೆ ತಪ್ಪಾಗಲ್ವೇ?"

ದರ್ಜಿ ಹೊಲಿಗೆ ಬಿಚ್ಚುತ್ತಲೇ ತನ್ನದೂ ಒಂದು ಸೇರಿಸಿದ. "ಬರೆಯೋದಾದ್ರೆ ಆಗಿಹೋದದ್ದು ಬರಿ ಅಕ್ಕಾ. ಭವಿಷ್ಯತ್ ಸಹವಾಸ ಬೇಡ. 'ನಾಳೆ ಕೊಡ್ತೀನಿ' ಅಂತ ಹೇಳಿ ಹೇಳಿ ನಾನು ಪಡೋ ಪಾಡು ನೋಡ್ತಿಲ್ವಾ?"

ಇಸ್ತ್ರಿಯಮ್ಮನ ಮೂಗಿನ ತುದಿ ಪೆಟ್ಟಿಗೆಗಿಂತ ಬಿಸಿಯಾಯಿತು.

"ತಪ್ಪಾದ್ರೆ ಏನಂತೆ? ನಾರ್ವೆಯವರು ಬಂದು ನನ್ನ ಪೆಟ್ಟಿಗೆ ಕಿತ್ಕೊಂಡು ಹೋಗ್ತಾರಾ? ಇವತ್ತೇ ಬರೀತೀನಿ. ಮೂರು ಕಾಲದಲ್ಲೂ ಬರೀತೀನಿ."

ಇಸ್ತ್ರಿ ಮೇಜಿನ ಮೇಲೆಯೇ ಕಾಗದ ಹಾಸಿದಳು. ಯಾವ ಕ್ರಿಯಾಪದ ಬಾಯಿಗೆ ತಡವರಿಸದೆ ಬರುತ್ತದೋ ಅದನ್ನೇ ಆರಿಸಿದಳು. ಅನುಮಾನ ಬಂದದ್ದನ್ನೆಲ್ಲ ಗುಂಡಿ ಕಿತ್ತ ಅಂಗಿಯಂತೆ ಪಕ್ಕಕ್ಕೆ ತಳ್ಳಿದಳು. ಭೂತಕಾಲಕ್ಕೆ ಎರಡು ಮಾತು, ವರ್ತಮಾನಕ್ಕೆರಡು. ಭವಿಷ್ಯತ್ತಿಗೆ ಬಂದಾಗ ಹುರುಪು ಹೆಚ್ಚಿ ಮೂರಾಯಿತು. ಮೇಷ್ಟ್ರು ಅವಳ ಪಠ್ಯಪುಸ್ತಕ ಬಿಡಿಸಿಕೊಂಡು ಒಂದೊಂದು ಕ್ರಿಯಾಪದದ ಬಾಲವನ್ನೂ ಸಂತೆಯ ದನದ ಬಾಲದಂತೆ ಎತ್ತಿ ನೋಡಿದರು. ತಪ್ಪು ಸಿಗದ ಸಂಕಟದಲ್ಲಿ ಅವರ ಮುಖ ಬಾಡಿತು. ಬಾಲ ನೋಡಿದವರಾರೂ ಮೂತಿ ನೋಡಲಿಲ್ಲ.

ಈ ಗದ್ದಲಕ್ಕೆ ಕಿವಿ ಕೊಟ್ಟಿದ್ದ ದರ್ಜಿ ಕಾಲರನ್ನು ಎರಡು ಸಲ ಮಗುಚಿ ಹೊಲಿದಿದ್ದ. ಕಲೆ ಎಲ್ಲಿತ್ತೋ ಅಲ್ಲಿಗೇ ವಾಪಸು ಬಂದಿತ್ತು. ಮೇಷ್ಟ್ರು ಬೇರೆ ದಾರಿಯಿಲ್ಲದೆ ಅದನ್ನೇ ತೊಟ್ಟು, ಕುತ್ತಿಗೆಗೊಂದು ಕರವಸ್ತ್ರ ಸುತ್ತಿಕೊಂಡರು. ಮೂವರೂ ಅಂಚೆ ಕಚೇರಿಗೆ ಹೊರಟರು. ಕಾಗದ ಹಾಕಲು ಒಬ್ಬಳು, ಅವಳು ಹಾಕುವುದಿಲ್ಲ ಎಂದು ನೋಡಲು ಇಬ್ಬರು.

ಕಿಟಕಿಯ ಮುಂದೆ ನಿಂತಾಗಲೇ ಮಗಳ ಫೋನು ಬಂತು. ಇಸ್ತ್ರಿಯಮ್ಮ ಎದೆಯುಬ್ಬಿಸಿ ಕಾಗದವನ್ನು ಓದಿ ಹೇಳಿದಳು. ಮಗಳು ಇನ್ನೊಂದು ಸಲ ಓದಿಸಿದಳು.

"ತಪ್ಪಿದೆಯೇನೇ?"

"ಒಂದೂ ಇಲ್ಲಮ್ಮಾ. ಆದ್ರೆ ಏನು ಬರ್ದಿದೀಯ ಗೊತ್ತಾ? ಕಾಗದ ಬಂತು, ಓದಿದೆ. ಕೆಲಸ ಮಾಡ್ತಿದೀನಿ, ನಿದ್ದೆ ಮಾಡ್ತಿದೀನಿ. ಇನ್ಮೇಲೆ ಬರ್ತೀನಿ, ಅಲ್ಲೇ ವಾಸ ಮಾಡ್ತೀನಿ, ಊಟ ಮಾಡ್ತೀನಿ."

ಇಸ್ತ್ರಿಯಮ್ಮನಿಗೆ ನೆಲದ ಮೇಲಿದ್ದೇ ತಲೆ ಸುತ್ತಿತು. ಕರೆದದ್ದು ಅವರೇ ತಾನೇ ಎಂದು ಮೆಲ್ಲಗೆ ಕೇಳಿದಳು.

"ಅತ್ತೆಗೆ ಆಗ ಅಷ್ಟೇ ಪಾಠ ಆಗಿತ್ತಮ್ಮಾ. ಬಾ, ಇರು, ಮಾಡು. ಗೊತ್ತಿದ್ದದ್ದನ್ನೇ ಬರೆದ್ರು. ಅವರದ್ದು ಒಂದೇ ಕೋಣೆ ಮನೆ. ನೀನು ನಿಜವಾಗ್ಲೂ ಬಂದ್ಬಿಟ್ರೆ ಎಲ್ಲಿ ಮಲಗಿಸೋದು ಅಂತ ವರ್ಷದಿಂದ ಹೆದರ್ಕೊಂಡಿದ್ದಾರೆ. ಉತ್ತರ ಬರ್ಲಿಲ್ಲ ಅಂತ ಈಗೀಗ ಸಮಾಧಾನವಾಗಿದ್ರು. ಬರೋದಿಲ್ಲ ಅಂತ ಒಂದು ಮಾತು ಸೇರಿಸಿಬಿಡು."

"ಬರೋದಿಲ್ಲ ಅನ್ನೋ ಪಾಠ ಇನ್ನೂ ಆಗಿಲ್ಲ. ಮುಂದಿನ ವಾರ."

ತಾನು ಹೇಳಿಕೊಡುತ್ತೇನೆ ಎಂದಳು ಮಗಳು. ಶಪಥ ಶಪಥವೇ ಎಂದು ಇಸ್ತ್ರಿಯಮ್ಮ ಫೋನು ಇಟ್ಟಳು. ಹಿಂದೆ ಮೇಷ್ಟ್ರು ಕರವಸ್ತ್ರದೊಳಗೇ ನಕ್ಕರು. ಭವಿಷ್ಯತ್ತಿನ ಬಗ್ಗೆ ತಾನು ಮೊದಲೇ ಹೇಳಿದ್ದೆ ಎಂದು ದರ್ಜಿ ಗೋಡೆಗೆ ಹೇಳಿದ.

"ಕೊಡ್ತೀರೋ, ವಾಪಸು ತಗೊಂಡು ಹೋಗ್ತೀರೋ? ನಾನು ಚೀಲ ಕಟ್ಟಬೇಕು," ಎಂದ ಗುಮಾಸ್ತ.

ಇಸ್ತ್ರಿಯಮ್ಮ ಕಾಗದವನ್ನು ನೋಡಿದಳು. ಒಂದು ಸುಕ್ಕಿಲ್ಲ, ಒಂದು ಕಲೆಯಿಲ್ಲ. ಇಷ್ಟು ಚೊಕ್ಕ ಕೆಲಸವನ್ನು ಹರಿದುಹಾಕುವ ಕೈ ಅವಳದಲ್ಲ. ಅದರಲ್ಲೂ ಈ ಇಬ್ಬರ ಕಣ್ಣೆದುರಿಗೆ.

ಅದನ್ನು ಲಕೋಟೆಗೆ ಹಾಕಿ ಅಂಟಿಸಿ, ಕೈಯಿಂದ ಬಿಡದೆಯೇ ದರ್ಜಿಯ ಕಡೆ ತಿರುಗಿದಳು. "ನನಗೊಂದು ದಪ್ಪ ಕೋಟು ಬೇಕು. ಯಾವಾಗ ಕೊಡ್ತೀಯ?"

"ನಾಳೆ ಕೊಡ್ತೀನಿ ಅಕ್ಕಾ," ಎಂದ ದರ್ಜಿ, ಅಭ್ಯಾಸಬಲದಿಂದ.

ಹಾಗಾದರೆ ಬೇಕಾದಷ್ಟು ಕಾಲವಿದೆ ಎಂದುಕೊಂಡು ಇಸ್ತ್ರಿಯಮ್ಮ ಲಕೋಟೆಯನ್ನು ಕಿಟಕಿಯೊಳಗೆ ನೂಕಿದಳು. ಗುಮಾಸ್ತ ಮುದ್ರೆ ಎತ್ತಿ, ಧಡ್ ಎಂದು ಒತ್ತಿ, ಚೀಲದೊಳಕ್ಕೆ ಎಸೆದ.