ಪೆಟ್ಟಿಗೆಯೊಳಗಿನ ಖಜಾಂಚಿ

ತಕ್ಕಡಿ ಸಾಹೇಬರಿಗೆ ಈ ಪ್ರಪಂಚದ ಮೇಲೆ ಇದ್ದ ದೂರು ಒಂದೇ: ಅದು ಸರಿಯಾಗಿ ಕೇಳಿಸುವುದಿಲ್ಲ.

ಅವರ ಕಿವಿಯಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಹಜಾರದ ಮೂಲೆಯಲ್ಲಿದ್ದ ಹಳೆಯ ಸ್ಟೀರಿಯೋದಲ್ಲಿ. ಅದರ ಎರಡು ಸ್ಪೀಕರುಗಳಲ್ಲಿ ಒಂದು, ಕಾಗದ ಹರಿದು, ಅಂಟುಪಟ್ಟಿ ಹಚ್ಚಿಸಿಕೊಂಡು, ಹಲ್ಲು ಬಿದ್ದವರು ಮಾತಾಡಿದ ಹಾಗೆ ಹಾಡುತ್ತಿತ್ತು. ಇನ್ನೊಂದು ಹಾಡುತ್ತಲೇ ಇರಲಿಲ್ಲ. ಮೊದಲನೆಯದು ಹೇಳಿದ್ದಕ್ಕೆಲ್ಲ ಹ್ಞೂಂಗುಟ್ಟುತ್ತಿತ್ತು, ಅಷ್ಟೆ. (ಸಂಸಾರಸ್ಥರಿಗೆ ಈ ಏರ್ಪಾಡು ಹೊಸದಲ್ಲ.)

ಸಾಹೇಬರ ಉದ್ಯೋಗ ತೂಕ-ಅಳತೆ ಇಲಾಖೆಯಲ್ಲಿ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಇಕ್ಕಳದಿಂದ ಸೀಸದ ಮುದ್ರೆ ಒತ್ತುವುದು, ಸುಳ್ಳು ಹೇಳಿದರೆ ಜಪ್ತಿ ಮಾಡುವುದು. "ಕಣ್ಣಿಗೆ ಸರಿ ಕಂಡರೆ ಸಾಲದು, ಕಲ್ಲಿಗೆ ಸರಿ ಬರಬೇಕು" ಎಂಬುದು ಅವರ ಜೀವನಸೂತ್ರ. ಆದ್ದರಿಂದ ಹೊಸ ಆಂಪ್ಲಿಫೈಯರು ಮತ್ತು ಎದೆಮಟ್ಟದ ಎರಡು ಸ್ಪೀಕರುಗಳನ್ನು ಕೊಳ್ಳುವ ಆಸೆ ಹುಟ್ಟಿದಾಗ ಅವರು ಎಲ್ಲರ ಹಾಗೆ ಅಂಗಡಿಯಲ್ಲಿ ನಿಂತು ತಲೆದೂಗಿ ಮೋಸಹೋಗಲಿಲ್ಲ. "ಒಂದು ವಾರ ಮನೆಯಲ್ಲಿಟ್ಟು ಪರೀಕ್ಷೆ ಮಾಡ್ತೀನಿ. ದುಡ್ಡಿಗೆ ತಕ್ಕ ತೂಕ ಇದ್ರೆ ಸರಿ, ಇಲ್ಲದಿದ್ರೆ ವಾಪಸ್ಸು" ಎಂದರು. ಅಂಗಡಿಯಾತನ ಬಳಿ ತಕ್ಕಡಿಯೇ ಇರಲಿಲ್ಲ. ಆದರೂ ಇಲಾಖೆಯ ಹೆಸರು ಕೇಳಿದ್ದೇ ಒಪ್ಪಿಬಿಟ್ಟ.

ಒಪ್ಪದೆ ಉಳಿದದ್ದು ಹೆಂಡತಿ. ಆಕೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಸಾರುವವಳು. ಡ್ರೈವರು ಕಂಡಕ್ಟರುಗಳ ಬಾಯಲ್ಲಿ ಮೈಕಕ್ಕ. ಸಾಹೇಬರು ಖರೀದಿಯ ಮಾತು ತೆಗೆದ ಹೊತ್ತಿಗೆ ಸರಿಯಾಗಿ ಬಚ್ಚಲಿನಲ್ಲಿ ಬಟ್ಟೆ ಹಿಂಡುತ್ತಿದ್ದ ವಾಷಿಂಗ್ ಮಷೀನು ಗಡಗಡ ನಡುಗುತ್ತ ನಡೆದುಕೊಂಡೇ ಹೊರಗೆ ಬಂತು.

"ಪ್ರಯಾಣಿಕರ ಗಮನಕ್ಕೆ," ಎಂದಳು ಮೈಕಕ್ಕ, ನಿಲ್ದಾಣದ ದನಿಯಲ್ಲೇ. "ಬಚ್ಚಲಿನಿಂದ ಹೊರಟ ಮಷೀನು ಅಡುಗೆಮನೆ ಮಾರ್ಗವಾಗಿ ಹಜಾರಕ್ಕೆ ಬರುತ್ತಿದೆ. ದಯವಿಟ್ಟು ಕಾಲು ಮೇಲೆತ್ತಿಕೊಳ್ಳಿ. ರೀ, ಅದೇ ದುಡ್ಡಲ್ಲಿ ಹೊಸ ಮಷೀನು ಬರುತ್ತೆ."

"ಅದು ಬಟ್ಟೆ ಕೊಳೆ ತೆಗೆಯುತ್ತೆ ಕಣೇ. ಇದು ಶಬ್ದದ ಕೊಳೆ ತೆಗೆಯುತ್ತೆ."

"ನಾಳೆ ಶಬ್ದ ಉಟ್ಕೊಂಡು ಆಫೀಸಿಗೆ ಹೋಗ್ತೀರಾ?"

"ಇದೆಲ್ಲ ಯಾರಿಗೋಸ್ಕರ? ನಿನ್ನ ಹಾಡಿಗೋಸ್ಕರ! ಅದನ್ನ ಒಂದು ಸಲ ಸರಿಯಾಗಿ ಕೇಳ್ಬೇಕು ಅಂತ!"

ಮೈಕಕ್ಕ ಮಷೀನನ್ನು ತಿರುಗಿಸಿ ಬಚ್ಚಲಿನತ್ತ ನೂಕಿದಳು. ಈ ಬಾಣ ಎಲ್ಲಿ ನಾಟುತ್ತದೆಂದು ಸಾಹೇಬರಿಗೆ ಗೊತ್ತಿತ್ತು. ಏಕೆಂದರೆ ಅವರ ಸಂಸಾರ ನಿಂತದ್ದೇ ಆ ಹಾಡಿನ ಮೇಲೆ.

ಮದುವೆಗೆ ಮುಂಚೆ ಅವಳು ಒಮ್ಮೆ ನೌಕರರ ಸಂಘದ ವಾರ್ಷಿಕೋತ್ಸವದಲ್ಲಿ ಹಾಡಿದ್ದಳು. ಭಾಷಣಗಳೆಲ್ಲ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದ ಹೊತ್ತು ಅದು. ಹಾಡು ಮುಗಿಸಿ ಕಣ್ಣು ಬಿಟ್ಟರೆ, ಮೂರನೆಯ ಸಾಲಿನಲ್ಲಿ ಒಬ್ಬ ತರುಣ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟುತ್ತಿದ್ದ. ಅವನ ಕಣ್ಣ ತುಂಬ ನೀರು. ಮನೆಯವರು ದೊಡ್ಡ ಸಂಬಳದ ಇಂಜಿನಿಯರೊಬ್ಬನನ್ನು ಗೊತ್ತುಮಾಡಿದ್ದರು. "ಸಂಬಳ ಎಣಿಸೋ ಗಂಡ ಬೇಡ, ಕೇಳೋ ಗಂಡ ಬೇಕು" ಎಂದು ಹಟ ಹಿಡಿದು ಅವಳು ಆ ಕಣ್ಣೀರನ್ನೇ ಕಟ್ಟಿಕೊಂಡಳು. ಅಂದು ಅವಳ ಅಣ್ಣ ಮೂರನೆಯ ಸಾಲಿನ ಖಾಲಿ ಕುರ್ಚಿಯೊಂದರ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಆ ಹಾಡನ್ನು ಹಿಡಿದಿದ್ದ. ಕ್ಯಾಸೆಟ್ಟು ಮನೆಯಲ್ಲೇ ಇತ್ತು. ಆದರೆ ಅವಳು ಅದನ್ನು ಕೇಳುತ್ತಿರಲಿಲ್ಲ. ಹಳೆಯ ಸ್ಟೀರಿಯೋದಲ್ಲಿ ಅವಳ ದನಿ ಡಬ್ಬಿಯಲ್ಲಿ ಸಿಕ್ಕ ಜೀರುಂಡೆಯಂತೆ ಬರುತ್ತಿತ್ತು.

ಹೊಸ ಪೆಟ್ಟಿಗೆಗಳು ಬಂದವು. ಹಜಾರದಲ್ಲಿ ಎರಡು ಕಪ್ಪು ಸ್ಪೀಕರುಗಳು ಬಂಧುಗಳ ಮನೆಗೆ ಬಂದು ಮುನಿಸಿಕೊಂಡು ನಿಂತವರ ಹಾಗೆ ನಿಂತವು. ಎರಡು ದಿನ ಸಾಹೇಬರು ಮನೆಯಲ್ಲಿದ್ದ ಹಾಡುಗಳನ್ನೆಲ್ಲ ಹಾಕಿ ಒರೆಗೆ ಹಚ್ಚಿದರು. ತಬಲದ ಮೇಲೆ ಬೆರಳು ಜಾರುವುದು ಕೇಳಿಸಿತು. ಹಾಡುವವರು ಎಂಜಲು ನುಂಗುವುದು ಕೇಳಿಸಿತು. ಮೂರನೆಯ ದಿನ ಅವರು ಹೆಂಡತಿಯನ್ನು ಕರೆದು, ಆಂಪ್ಲಿಫೈಯರಿನ ಹಿಂದಿನ ತಂತಿಗೆ ಇಲಾಖೆಯ ಇಕ್ಕಳದಿಂದ ಒಂದು ಸೀಸದ ಮುದ್ರೆಯನ್ನೇ ಒತ್ತಿಬಿಟ್ಟರು.

"ನೋಡೇ, ಈ ಪೆಟ್ಟಿಗೆ ಸುಳ್ಳು ಹೇಳೋದಿಲ್ಲ. ಇಲ್ಲದ್ದನ್ನ ಸೇರಿಸೋದಿಲ್ಲ, ಇದ್ದದ್ದನ್ನ ಮುಚ್ಚಿಡೋದಿಲ್ಲ. ಮುದ್ರೆ ಬಿದ್ದ ಮೇಲೆ ಮಾತಿಲ್ಲ."

"ಭಾನುವಾರ ಅಂಗಡಿಯವರು ಬರಲಿ. ನಾನೂ ಒಂದು ಸಲ ಕೇಳಿ ಆಮೇಲೆ ಹೇಳ್ತೀನಿ," ಎಂದು ಮೈಕಕ್ಕ ಸಂಜೆಯ ಪಾಳಿಗೆ ಹೊರಟಳು.

ಆ ಸಂಜೆ, ದೀಪ ಹಚ್ಚಲೋ ಬೇಡವೋ ಎನ್ನುವಂಥ ಹೊತ್ತಿನಲ್ಲಿ, ಸಾಹೇಬರು ಆ ಕ್ಯಾಸೆಟ್ಟನ್ನು ಹಾಕಿದರು.

ಮೊದಲು ಆ ಸಭಾಂಗಣವೇ ಬಂತು. ಹಾಡಿಗೆ ಮುಂಚಿನ ಮೌನ. ಎತ್ತರದ ಮಾಡು, ಕಿರ್ರೆನ್ನುವ ಫ್ಯಾನು. ಆಮೇಲೆ ಅವಳ ಉಸಿರು, ಬಳೆಯ ಸದ್ದು, ದನಿ. ಸಾಹೇಬರಿಗೆ ರೋಮಾಂಚವಾಯಿತು.

ರೋಮಾಂಚ ಹಾಗೇ ನಿಂತಿತು. ಇಳಿಯಲಿಲ್ಲ. ಏಕೆಂದರೆ ಹಾಡಿನ ಕೆಳಗೆ ಇನ್ನೊಂದು ಶಬ್ದವಿತ್ತು.

ಅದು ಎಡಗಡೆಯಿಂದ ಬರುತ್ತಿತ್ತು. ತೀರ ತಗ್ಗಿನಲ್ಲಿ, ನೆಲಮಾಳಿಗೆಯಲ್ಲಿ ಯಾರೋ ಭಾರವಾದ ಮಂಚವನ್ನು ನಿಧಾನವಾಗಿ ಎಳೆದ ಹಾಗೆ. ಎಳೆಯುವುದು, ನಿಲ್ಲಿಸುವುದು. ಮತ್ತೆ ಎಳೆಯುವುದು. ನಿಲ್ಲಿಸಿದಾಗಲೆಲ್ಲ ಒಂದು ಸಣ್ಣ ಸಿಳ್ಳು, ಬಾಗಿಲಿನ ಸಂದಿನಲ್ಲಿ ಗಾಳಿ ನುಸುಳಿದಂತೆ. ಮನೆಗೆ ನೆಲಮಾಳಿಗೆ ಇರಲಿಲ್ಲ.

ಸಾಹೇಬರು ಇಲಾಖೆಯ ಮನುಷ್ಯ. ಫ್ರಿಜ್ಜು ಆರಿಸಿದರು. ಫ್ಯಾನು ನಿಲ್ಲಿಸಿದರು. ವಾಷಿಂಗ್ ಮಷೀನಿನ ಪ್ಲಗ್ಗು ಕಿತ್ತರು. ಎಡದ ತಂತಿಯನ್ನು ಬಲಕ್ಕೆ ಹಾಕಿದರು. ಶಬ್ದವೂ ಎದ್ದು ಬಲಗಡೆ ಹೋಗಿ ಕೂತಿತು. ಬೇರೆ ಕ್ಯಾಸೆಟ್ಟು ಹಾಕಿದರೆ ಇಲ್ಲ. ಇದನ್ನು ಹಾಕಿದರೆ ಇದೆ. ಪರೀಕ್ಷೆ ಹೆಚ್ಚಿದಷ್ಟೂ ಅದು ಹೆಚ್ಚು ನಿಜವಾಗುತ್ತ ಹೋಯಿತು. (ತಕ್ಕಡಿಗಳ ವಿಷಯದಲ್ಲಿ ಹೀಗೆಂದೂ ಆಗಿರಲಿಲ್ಲ.)

ಮೈಕಕ್ಕನ ತಾಯಿ ತಮ್ಮ ಕೋಣೆಯಿಂದ ಮೆಲ್ಲನೆ ಹೊರಬಂದರು. ಅತ್ತೆಗೆ ಕಿವಿ ಪೂರ್ತಿ ಮಂದ. ಲೋಕವ್ಯವಹಾರವನ್ನೆಲ್ಲ ಅವರು ಅಂಗೈಯಿಂದ ತಿಳಿಯುತ್ತಿದ್ದರು. ಬಾಗಿಲ ಮೇಲೆ ಕೈಯಿಟ್ಟು ಯಾರೋ ಬಂದರೆನ್ನುವರು, ಗೋಡೆಯ ಮೇಲೆ ಕೈಯಿಟ್ಟು ನಲ್ಲಿಯಲ್ಲಿ ನೀರು ಬಂತೆನ್ನುವರು. ಈಗ ಅವರು ಸ್ಪೀಕರಿನ ಮೇಲೆ ಕೈಯಿಟ್ಟರು. ಹುಬ್ಬು ಗಂಟಾಯಿತು.

"ಅಳಿಯಂದ್ರೇ, ಇದರೊಳಗೆ ಯಾರೋ ಇದಾರೆ."

"ಯಾರತ್ತೆ?" ಎಂದು ಸಾಹೇಬರು ಕೈಸನ್ನೆ ಮಾಡಿದರು.

"ಗಂಡಸು. ಮೈಮೇಲೆ ಪ್ರಜ್ಞೆ ಇಲ್ಲ," ಎಂದು ಅತ್ತೆ ಸೆರಗು ಹೊದ್ದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಗ ಸಾಹೇಬರಿಗೆ ನೆನಪಾಯಿತು. ಅಂದು ಮೂರನೆಯ ಸಾಲಿನಲ್ಲಿ ತಮ್ಮ ಒಂದು ಪಕ್ಕಕ್ಕೆ ರೆಕಾರ್ಡರ್ ಇದ್ದ ಕುರ್ಚಿ. ಇನ್ನೊಂದು ಪಕ್ಕಕ್ಕೆ ಸಂಘದ ಖಜಾಂಚಿಗಳು. ದಪ್ಪ ಆಸಾಮಿ, ಉಬ್ಬಸದವರು. ಮರುವಾರವೇ ತೀರಿಕೊಂಡಿದ್ದರು! ಹಾಗಾದರೆ ಇದು ಅವರ ಕೊನೆಗಾಲದ ಉಸಿರು. ಇಷ್ಟು ವರ್ಷ ಈ ಕ್ಯಾಸೆಟ್ಟಿನೊಳಗೆ, ಮೇಜಿನ ಖಾನೆಯಲ್ಲಿ, ಗುಂಡುಸೂಜಿಗಳ ಮಧ್ಯೆ ಮಲಗಿಕೊಂಡು...

ಸಾಹೇಬರು ಚಪ್ಪಲಿ ಬಿಟ್ಟು, ಮೇಲಧಿಕಾರಿಯ ಮುಂದೆ ನಿಲ್ಲುವಂತೆ ಕೈಕಟ್ಟಿ ಸ್ಪೀಕರಿನ ಮುಂದೆ ನಿಂತರು. ಹಾಡು ಕೊನೆಯ ಸಾಲಿಗೆ ಬಂದಿತ್ತು. ಶಬ್ದ ಈಗ ಹತ್ತಿರವಾಗಿತ್ತು, ಒದ್ದೆಯಾಗಿತ್ತು.

"ಸಾರ್," ಎಂದರು ಸಾಹೇಬರು. "ನನ್ನ ಮಾತು... ಕೇಳಿಸ್ತಾ ಇದೆಯಾ ಸಾರ್?"

ಹಾಡು ನಿಂತಿತು. ಫ್ಯಾನಿನ ಕಿರ್ರು ಮಾತ್ರ. ಉಸಿರೂ ನಿಂತಿತು. ಆ ಮೌನದ ನಡುವಿನಿಂದ, ಕಿವಿಯ ಪಕ್ಕದಲ್ಲೇ, ಮಣ್ಣಿನಡಿಯಿಂದ ಎದ್ದು ಬಂದಂಥ ಒಂದು ದನಿ ಹೇಳಿತು:

"ಇಲ್ಲ ಇಲ್ಲ... ಕೇಳ್ತಾ ಇದೀನಿ."

ಪಾಳಿ ಮುಗಿಸಿ ಬಂದ ಮೈಕಕ್ಕ ಕಂಡದ್ದು ಬೀದಿದೀಪದ ಕೆಳಗೆ, ಗೇಟಿನ ಹೊರಗೆ, ಬರಿಗಾಲಲ್ಲಿ, ಮುದ್ರೆಯ ಇಕ್ಕಳ ಹಿಡಿದು ಕೂತಿದ್ದ ಗಂಡನನ್ನು.

"ಏನ್ರೀ ಇಲ್ಲಿ?"

"ಗಾಳಿಗೆ."

"ಇಕ್ಕಳ?"

"ಅದಕ್ಕೂ ಗಾಳಿ ಬೇಡ್ವೇ?"

ಭಾನುವಾರದವರೆಗೆ ಸಾಹೇಬರು ಹಜಾರವನ್ನು ಗೋಡೆ ಸವರಿಕೊಂಡು ದಾಟಿದರು. ಪೆಟ್ಟಿಗೆಗಳ ಮೇಲೆ ಬೆಡ್‌ಶೀಟು ಹೊದಿಸಿದರು. ಹೊದಿಸಿದ ಮೇಲೆ ಅವು ನಿಂತ ಹೆಣಗಳಂತೆ ಕಂಡವು, ತೆಗೆದರು. ಊಟದ ಹೊತ್ತಿನಲ್ಲಿ ಮೈಕಕ್ಕ ಡಿಪೋದ ಕಥೆ ಹೇಳುತ್ತಿದ್ದರೆ ಅವರ ಕಿವಿ ಹಜಾರದ ಕಡೆಗೇ. ಅಷ್ಟು ಹೆದರಿಕೆಯ ನಡುವೆಯೂ ತಟ್ಟೆಯ ಮುಂದೆ ತೂಕಡಿಸುವ ಅಭ್ಯಾಸವನ್ನು ಮಾತ್ರ ಅವರು ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ, ಕಿಟಕಿಯ ತುಂಬ ಬಿಸಿಲಿರುವಾಗ, ಅಂಗಡಿಯಾತ ಬಂದ. "ಹೇಗಿದೆ ಸಾರ್? ದುಡ್ಡಿಗೆ ಮೋಸ ಇಲ್ಲ ತಾನೆ?"

"ಪೆಟ್ಟಿಗೆ ಚಿನ್ನದಂಥದ್ದು. ಆದ್ರೆ ಈ ಮನೆಗೆ ಆಗಿಬರೋಲ್ಲ. ತಗೊಂಡು ಹೋಗಿ."

"ಇರಿ ಇರಿ," ಎಂದಳು ಮೈಕಕ್ಕ, ಕೈ ಒರೆಸಿಕೊಳ್ಳುತ್ತ. "ವಾರವೆಲ್ಲ ಹೊಗಳಿ ಈಗ ಬೇಡ್ವಾ? ನನ್ನ ಹಾಡು ನಾನು ಕೇಳಬೇಕು. ಹಾಕಿ."

ಸಾಹೇಬರು ಅವಳನ್ನು ಪಕ್ಕಕ್ಕೆ ಕರೆದರು. "ಎದೆ ಗಟ್ಟಿ ಮಾಡ್ಕೋ. ಅದರಲ್ಲಿ ಖಜಾಂಚಿ ಇದಾರೆ."

"ಯಾವ ಖಜಾಂಚಿ?"

"ಸತ್ತವರು. ಮಾತಾಡ್ತಾರೆ ಕಣೇ."

ಮೈಕಕ್ಕ ಗಂಡನ ಹಣೆ ಮುಟ್ಟಿ ನೋಡಿ, ಕ್ಯಾಸೆಟ್ಟನ್ನು ತಾನೇ ಹಾಕಿದಳು. ಅತ್ತೆ ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿ ಸ್ಪೀಕರಿನ ಮೇಲೆ ಅಂಗೈ ಊರಿದರು.

ಹಾಡು ಶುರುವಾಯಿತು. ಮೈಕಕ್ಕನ ಕೈ ಕೆನ್ನೆಗೆ ಹೋಯಿತು. "ಇಷ್ಟು ಚೆನ್ನಾಗಿ ಹಾಡ್ತಿದ್ನಾ ನಾನು?" ಎಂದಳು, ಯಾರಿಗೂ ಅಲ್ಲ. ಅಂಗಡಿಯಾತ ಬಾಗಿಲಲ್ಲಿ ನಿಂತವನು ಅಲ್ಲೇ ಕೂತುಬಿಟ್ಟ.

ಆಮೇಲೆ ಕೆಳಗಿನಿಂದ ಅದು ಬಂತು. ಎಳೆಯುವುದು. ನಿಲ್ಲಿಸುವುದು. ಸಿಳ್ಳು.

ಮೈಕಕ್ಕನ ಮುಖದಲ್ಲಿ ಹೆದರಿಕೆ ಬರಲೆಂದು ಸಾಹೇಬರು ಕಾದರು. ಬರಲಿಲ್ಲ. ಅವಳು ಸ್ಪೀಕರನ್ನು ನೋಡುತ್ತಿರಲಿಲ್ಲ. ತಲೆಯನ್ನು ಬಹಳ ನಿಧಾನವಾಗಿ ತಿರುಗಿಸಿ ಗಂಡನನ್ನೇ ನೋಡುತ್ತಿದ್ದಳು.

"ಖಜಾಂಚಿಗಳು," ಎಂದು ಸಾಹೇಬರು ಪಿಸುಗುಟ್ಟಿದರು.

"ಶ್!"

ಹಾಡು ನಿಂತಿತು. ಮೌನ. "ಇಲ್ಲ ಇಲ್ಲ... ಕೇಳ್ತಾ ಇದೀನಿ," ಎಂದಿತು ಆ ದನಿ. ಅದರ ಹಿಂದೆಯೇ, ಅದೇ ಕುರ್ಚಿಯಿಂದ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಎರಡು ಕೈಗಳ ಚಪ್ಪಾಳೆ.

ಅತ್ತೆ ಕಣ್ಣು ಬಿಡದೆಯೇ ಹೇಳಿದರು: "ಮಗಳೇ, ಅಳಿಯಂದ್ರು ಎದ್ರು ನೋಡು. ಟೀ ಇಡು."

ಅತ್ತೆಯ ಮಂಚ ಸಾಹೇಬರ ಕೋಣೆಯ ಗೋಡೆಗೆ ಆನಿಸಿತ್ತು. ಇಷ್ಟು ವರ್ಷ ಗೋಡೆಯ ಮೇಲೆ ಕೈಯಿಟ್ಟು ಅವರು ಓದುತ್ತ ಬಂದ ಪಾಠವಿದು. ಆ ಸಂಜೆ ಅಳಿಯ ಎದುರಿಗೇ ಎಚ್ಚರವಾಗಿ ನಿಂತಿದ್ದರಿಂದ ಗುರುತು ಹತ್ತಿರಲಿಲ್ಲ, ಅಷ್ಟೆ.

"ಇಪ್ಪತ್ತು ವರ್ಷ ಈ ಗೊರಕೆ ಪಕ್ಕದಲ್ಲಿ ಮಲಗಿದೀನಿ ರೀ. ನನಗೆ ಗೊತ್ತಾಗಲ್ವಾ?" ಮೈಕಕ್ಕನ ದನಿ ಮೈಕಿಲ್ಲದ ದನಿಯಾಗಿತ್ತು. "ಮೊನ್ನೆ ಡಿಪೋ ವಿಷಯ ಹೇಳ್ತಿದ್ದಾಗ ತಟ್ಟೆ ಮೇಲೆ ವಾಲಿಕೊಂಡು ಏನಂದ್ರಿ? ಇದೇ ಮಾತು. ಅಕ್ಷರಾನೂ ವ್ಯತ್ಯಾಸ ಇಲ್ಲ."

"ಅದು... ನನ್ನ ದನಿಯೇ ಅಲ್ಲ ಕಣೇ."

"ಮತ್ತೆ ಆ ಕಣ್ಣೀರು?"

ಸಾಹೇಬರು ಕಿಟಕಿಯಾಚೆ ನೋಡಿದರು. ಕೆಟ್ಟ ಗಳಿಗೆಯೆಂದರೆ ಆ ಗಳಿಗೆಯಲ್ಲೇ ಅವರಿಗೆ ಆಕಳಿಕೆ ಬಂತು. ತಡೆದರು. ತಡೆದದ್ದಕ್ಕೆ ಎರಡೂ ಕಣ್ಣುಗಳಲ್ಲಿ ನೀರು ತುಂಬಿತು.

ಮೈಕಕ್ಕ ನೋಡಿದಳು. ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಅಷ್ಟು ಜನದಲ್ಲಿ ಒಬ್ಬರಾದ್ರೂ ಕೇಳಿದ್ರು ಅಂದ್ಕೊಂಡಿದ್ದೆ," ಎಂದಳು.

ಆಗ ಸಾಹೇಬರು ತಮ್ಮ ವೃತ್ತಿಜೀವನದಲ್ಲೇ ಮೊದಲ ಬಾರಿಗೆ ಸರಿಯಾದ ತಕ್ಕಡಿಯೊಂದನ್ನು ಸುಳ್ಳೆಂದು ಸಾರಿದರು. "ಈ ಪೆಟ್ಟಿಗೆ ಸರಿಯಿಲ್ಲ! ಇಲ್ಲದ ಶಬ್ದ ಸೇರಿಸುತ್ತೆ! ಹಳೇದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ದುಡ್ಡು ದಂಡ! ಎತ್ತಿಕೊಂಡು ಹೋಗ್ರೀ, ಇಲ್ಲದಿದ್ರೆ ಜಪ್ತಿ ಮಾಡ್ತೀನಿ! ನಾಳೆಯೇ ಹೊಸ ವಾಷಿಂಗ್ ಮಷೀನು ತರ್ತೀನಿ ಕಣೇ, ಬಟ್ಟೆ ಒಣಗಿಸೋದೂ ಸೇರಿ!"

ಅಂಗಡಿಯಾತ ಎದ್ದ. ಅವನು ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. "ಮೇಡಂ, ಅದು ನಿಮ್ಮ ದನೀನಾ? ವ್ಯಾಪಾರದ ಮಾತಲ್ಲ, ನಾನು ಇಂಥದ್ದು ಕೇಳಿಲ್ಲ." (ಅವನು ಆಕಳಿಸಿದ್ದನ್ನು ಯಾರೂ ನೋಡಿರಲಿಲ್ಲ.)

ಮೈಕಕ್ಕ ಆಂಪ್ಲಿಫೈಯರಿನ ಹಿಂದಕ್ಕೆ ಕೈಹಾಕಿ ಆ ಸೀಸದ ಮುದ್ರೆಯನ್ನು ಬಿಸಿಲಿಗೆ ಹಿಡಿದಳು. ಒಮ್ಮೆ ಗಂಟಲು ಸರಿಮಾಡಿಕೊಂಡಳು.

"ಪ್ರಯಾಣಿಕರ ಗಮನಕ್ಕೆ. ಈ ಪೆಟ್ಟಿಗೆ ಸುಳ್ಳು ಹೇಳೋದಿಲ್ಲ. ಇದ್ದದ್ದನ್ನ ಮುಚ್ಚಿಡೋದಿಲ್ಲ. ಮುದ್ರೆ ಬಿದ್ದ ಮೇಲೆ ಮಾತಿಲ್ಲ." ಅಂಗಡಿಯಾತನ ಕಡೆ ತಿರುಗಿದಳು. "ಇಟ್ಕೋತೀವಿ. ಕೊಟ್ಟ ದುಡ್ಡಿಗೆ ಒಂದು ಕಾಸೂ ಮೋಸ ಇಲ್ಲ."

ಆ ವಾರವೇ ವಾಷಿಂಗ್ ಮಷೀನು ಹಜಾರದವರೆಗೆ ತನ್ನ ಕೊನೆಯ ಪ್ರಯಾಣ ಮುಗಿಸಿ, ಹೊಸ ಸ್ಪೀಕರಿನ ಪಾದದ ಬಳಿ ಪ್ರಾಣಬಿಟ್ಟಿತು. ಹೊಸದಕ್ಕೆ ದುಡ್ಡಿರಲಿಲ್ಲ. ಈಗ ಪ್ರತಿ ಭಾನುವಾರ ತಕ್ಕಡಿ ಸಾಹೇಬರು ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ. ಕಣ್ಣಿಗೆ ಸರಿ ಕಂಡರೆ ಸಾಲದು, ಕಲ್ಲಿಗೆ ಸರಿ ಬರಬೇಕಲ್ಲ. ಒಳಗೆ ಮೈಕಕ್ಕ ಹಾಡು ಹಾಕುತ್ತಾಳೆ. ಈಚೆಗೆ ಅದರ ಜೊತೆ ತಾನೂ ದನಿಗೂಡಿಸುತ್ತಾಳೆ. ಬಟ್ಟೆ ಕುಕ್ಕುತ್ತ ಸಾಹೇಬರು ಮೊದಲ ಬಾರಿಗೆ ಆ ಹಾಡನ್ನು ಹಾಡೆಂದೇ ಪೂರ್ತಿ ಕೇಳಿದರು. ಚೆನ್ನಾಗಿತ್ತು. ಅದನ್ನು ಹೇಳಿದರೆ ನಂಬುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಹಾಡಿನ ಕೊನೆಯ ಸಾಲು ಮುಗಿಯುತ್ತದೆ. ಹತ್ತಾರು ಬಸ್ಸುಗಳನ್ನು ಗಳಿಗೆ ತಪ್ಪದೆ ಹೊರಡಿಸಿದ ಮೈಕಕ್ಕ ಸರಿಯಾಗಿ ಆ ಮೌನಕ್ಕೆ ಕಾದು, ಕಿಟಕಿಯಿಂದ ಕೂಗುತ್ತಾಳೆ:

"ರೀ, ಕಾಲರು ಸರಿಯಾಗಿ ಉಜ್ಜಿ! ಕೇಳಿಸ್ತಾ?"

ಸಾಹೇಬರು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಒಳಗಿನ ಕತ್ತಲೆಯಿಂದ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನೊಬ್ಬ ಅವರ ಪರವಾಗಿ ಹೇಳಿಬಿಡುತ್ತಾನೆ:

"ಇಲ್ಲ ಇಲ್ಲ... ಕೇಳ್ತಾ ಇದೀನಿ."